ವೇಗ-ಕಾಲ ನಕ್ಷೆ: ಒಂದು ಚೆಂಡಿನಿಂದ ನನಗೆ ಅರ್ಥವಾದದ್ದು

ವೇಗ-ಕಾಲ ನಕ್ಷೆಯಲ್ಲಿ ನಿಂತಿರುವ ಅಕ್ಷ ವೇಗದ್ದು, ಮಲಗಿರುವ ಅಕ್ಷ ಕಾಲದ್ದು. ತುಂಬಾ ದಿನ ನಾನು ಅದನ್ನು ದಾರಿಯ ಚಿತ್ರ ಅಂದುಕೊಂಡಿದ್ದೆ. ಗೆರೆ ಏರಿದರೆ ಗಾಡಿ ದಿಬ್ಬ ಹತ್ತುತ್ತಿದೆ, ಇಳಿದರೆ ವಾಪಸ್ ಬರುತ್ತಿದೆ, ಅಡ್ಡ ಗೆರೆಯಾದರೆ ನಿಂತಿದೆ. ಮೂರೂ ತಪ್ಪು. ಅಡ್ಡ ಗೆರೆ ಅಂದರೆ ಗಾಡಿ ಒಂದೇ ವೇಗದಲ್ಲಿ ಓಡುತ್ತಲೇ ಇದೆ ಅಂತ. ನಿಂತಿದ್ದರೆ ಗೆರೆ ಸೊನ್ನೆಯ ಮೇಲೇ ಮಲಗಿರಬೇಕು. ಸೂತ್ರಗಳು ಬಾಯಿಪಾಠ ಇದ್ದವು, ಮಾರ್ಕ್ಸ್ ಬರುತ್ತಿತ್ತು, ಹಾಗಾಗಿ ಈ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಅದು ಬಯಲಾದದ್ದು ಮೇಲಕ್ಕೆ ಎಸೆದ ಚೆಂಡಿನ ಲೆಕ್ಕದಲ್ಲಿ. ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ, ಗಾಳಿಯ ತಡೆ ಬಿಟ್ಟರೆ, 1 ಸೆಕೆಂಡಿಗೆ ವೇಗ 9.8, 2ಕ್ಕೆ ಸೊನ್ನೆ, 3ಕ್ಕೆ ಮೈನಸ್ 9.8, 4ಕ್ಕೆ ಮೈನಸ್ 19.6 (ಮೈನಸ್ ಅಂದರೆ ಕೆಳಮುಖ). ಚುಕ್ಕಿಗಳನ್ನಿಟ್ಟು ಸೇರಿಸಿದೆ. ಚೆಂಡು ಹೋಗಿ ಬರುತ್ತದಲ್ಲ, ಗುಡ್ಡದ ಆಕಾರ ಬರುತ್ತದೆ ಅಂತ ಕಾದಿದ್ದೆ. ಬಂದದ್ದು ಒಂದೇ ಸಮನೆ ಇಳಿಯುವ ನೇರ ಗೆರೆ. ಚೆಂಡು ತಿರುಗುವ ಜಾಗದಲ್ಲಿ ಸಣ್ಣ ಬಾಗೂ ಇಲ್ಲ!

ಅಲ್ಲೇ ಜಾಸ್ತಿ ಹೊತ್ತು ಕೂತೆ. ತುದಿಯಲ್ಲಿ ವೇಗ ಸೊನ್ನೆ, ಆದರೆ ಗೆರೆಯ ಓರೆ ಹಾಗೇ ಇದೆ, ಅಂದರೆ ಆ ಕ್ಷಣದಲ್ಲೂ ವೇಗೋತ್ಕರ್ಷ, ಅಂದರೆ ಸೆಕೆಂಡಿಗೆ ವೇಗ ಬದಲಾಗುವ ದರ, ಮೈನಸ್ 9.8. ಅದೂ ಸೊನ್ನೆಯಾಗಿಬಿಟ್ಟರೆ ಚೆಂಡು ಮೇಲೇ ನಿಂತುಬಿಡಬೇಕಿತ್ತು ಅಲ್ವಾ? ವೇಗೋತ್ಕರ್ಷ ಮೈನಸ್ ಇದ್ದರೆ ನಿಧಾನವಾಗುತ್ತಿದೆ ಅನ್ನುವ ನಂಬಿಕೆಯೂ ಇಲ್ಲೇ ಬಿದ್ದುಹೋಯಿತು. 2 ಸೆಕೆಂಡಿನ ನಂತರ ಗೆರೆ ಇಳಿಯುತ್ತಲೇ ಇದೆ, ಚೆಂಡು ಮಾತ್ರ ಕೆಳಮುಖವಾಗಿ ಜೋರಾಗುತ್ತಿದೆ.

ಗೆರೆಗೂ ಅಕ್ಷಕ್ಕೂ ನಡುವಿನ ವಿಸ್ತೀರ್ಣ ಯಾಕೆ ಮೀಟರಿನಲ್ಲಿ ಬರುತ್ತದೆ ಅನ್ನೋದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. ಅದನ್ನು ತೆಳು ಪಟ್ಟಿಗಳಾಗಿ ಕತ್ತರಿಸಿ ನೋಡಿ. ಪಟ್ಟಿಯ ಎತ್ತರ ವೇಗ, ಅಗಲ ಕಾಲ, ಎರಡನ್ನೂ ಗುಣಿಸಿದರೆ ಅಷ್ಟು ಹೊತ್ತಿನಲ್ಲಿ ಚೆಂಡು ಸರಿದ ದೂರ. ಮೇಲಿನ ತ್ರಿಕೋನ 19.6 ಮೀಟರ್, ಕೆಳಗಿನದು ಮೈನಸ್ 19.6. ಕೂಡಿದರೆ ಸೊನ್ನೆ, ಚೆಂಡು ಕೈಗೇ ಬಂದಿದೆ. ಕ್ರಮಿಸಿದ ದೂರ ಮಾತ್ರ 39.2 ಮೀಟರ್.

ಈಗ ಯಾವ ನಕ್ಷೆ ಬಂದರೂ ಮೊದಲು ನಿಂತಿರುವ ಅಕ್ಷದ ಹೆಸರು ಓದುತ್ತೇನೆ. ಆಮೇಲೆ ಗೆರೆಯನ್ನು ಕಾಗದದಿಂದ ಮುಚ್ಚಿ, ಎಡದಿಂದ ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಈಗ ಮುಂದಕ್ಕೋ ಹಿಂದಕ್ಕೋ, ಜೋರಾಗುತ್ತಿದೆಯೋ ನಿಧಾನವೋ ಅಂತ ಬಾಯಿಬಿಟ್ಟು ಹೇಳುತ್ತೇನೆ.

ಅವತ್ತು ಅದೇ ಹಾಳೆಯಲ್ಲಿ, ಸರಿಯಾಗಿ ಕೆಳಗೆ, ಚೆಂಡಿನ ಸ್ಥಾನ-ಕಾಲ ನಕ್ಷೆಯನ್ನೂ ಬರೆದೆ. ನಾನು ಕಾದಿದ್ದ ಗುಡ್ಡ ಅಲ್ಲಿತ್ತು, ಅದರ ನೆತ್ತಿ 2 ಸೆಕೆಂಡಿನ ಮೇಲೆ.