ಇನ್‌ಕಂ ಟ್ಯಾಕ್ಸ್ ಮೇಲೆ ಕಂಪ್ಲೇಂಟ್ ಕೊಟ್ರೆ ನಮ್ಗೇ ತೊಂದ್ರೆ ಆಗತ್ತಾ? ಹುಷಾರಾಗಿ ಕೊಡೋದು ಹೀಗೆ

ರೀಫಂಡ್ ಬಂದಿಲ್ಲ, ರೆಕ್ಟಿಫಿಕೇಶನ್ (ತಪ್ಪು ಸರಿಮಾಡಿ ಅನ್ನೋ ಅರ್ಜಿ) ಹಾಕಿ ತಿಂಗಳುಗಟ್ಲೆ ಆಯ್ತು, ಆದ್ರೂ ಕಂಪ್ಲೇಂಟ್ ಕೊಡಿ ಅಂದ್ರೆ ಜನ "ಬೇಡಪ್ಪಾ, ಅವ್ರನ್ನ ಎದುರು ಹಾಕ್ಕೊಂಡ್ರೆ ನಮ್ಮ ಫೈಲೇ ಹಿಡ್ಕೊಂಡು ಕೂರ್ತಾರೆ" ಅಂತಾರೆ. ಈ ಭಯ ಸುಳ್ಳಲ್ಲ, ಆದ್ರೆ ಭಯಕ್ಕೆ ನಮ್ಮ ದುಡ್ಡು ಬಿಟ್ಕೊಡೋದೂ ಸರಿಯಲ್ಲ.

2020ರ ಆಗಸ್ಟಲ್ಲಿ ಬಂದ ಟ್ಯಾಕ್ಸ್‌ಪೇಯರ್ಸ್ ಚಾರ್ಟರಲ್ಲಿ (ತೆರಿಗೆ ಕಟ್ಟೋರಿಗೆ ಇಲಾಖೆ ಕೊಟ್ಟ ಭರವಸೆಗಳ ಪಟ್ಟೀಲಿ), ಅನುಮಾನಕ್ಕೆ ಕಾರಣ ಇಲ್ದೆ ಇದ್ರೆ ನಿಮ್ಮನ್ನ ಪ್ರಾಮಾಣಿಕರು ಅಂತ್ಲೇ ನೋಡ್ತೀವಿ, ದೂರು ಕೊಡೋಕೆ ದಾರಿ ಮಾಡ್ತೀವಿ ಅಂತ ಇಲಾಖೆನೇ ಹೇಳಿದೆ. ಸ್ಕ್ರೂಟಿನಿಗೆ (ರಿಟರ್ನ್ ಕೂಲಂಕಷವಾಗಿ ಪರಿಶೀಲಿಸೋಕೆ) ಹೆಚ್ಚಿನ ಕೇಸ್ ಆರಿಸೋದೂ ಕಂಪ್ಯೂಟರೇ. ಆದ್ರೆ ಕೆನಡಾದಲ್ಲಿ ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸ್ಕೊಂಡ್ರು ಅನ್ನಿಸಿದ್ರೆ ಅದಕ್ಕೇ ಅಂತ ಬೇರೆ ಫಾರಂ ಇದೆ, ಆರ್‌ಸಿ459 ಅಂತ, ನಮ್ಮಲ್ಲಿ ಅಂಥದ್ದಿಲ್ಲ, ತೆರಿಗೆ ಕಟ್ಟೋರ ದೂರು ಕೇಳೋಕೆ ಅಂತ ಇದ್ದ ಒಂಬುಡ್ಸ್‌ಮನ್ ಅನ್ನೋ ಅಧಿಕಾರಿ ಹುದ್ದೇನೂ 2019ರಲ್ಲಿ ತೆಗೆದ್ರು, ತೆಗೀಬಾರ್ದಿತ್ತು ಅಂತ ನನ್ನ ಅಭಿಪ್ರಾಯ. ಹಾಗಾಗಿ ನಮ್ಮನ್ನ ಕಾಯೋದು ನಾವು ಇಟ್ಕೊಳ್ಳೋ ದಾಖಲೆ.

ಫೋನಲ್ಲಿ ಜಗಳ ಆಡ್ಬೇಡಿ, ಎಲ್ಲಾ ಬರವಣಿಗೇಲೇ ಇರ್ಲಿ. ಇ-ಫೈಲಿಂಗ್ ಪೋರ್ಟಲಲ್ಲಿ ಲಾಗಿನ್ ಆಗಿ ಗ್ರೀವೆನ್ಸ್ ಮೆನುಗೆ ಹೋಗಿ, ರಿಟರ್ನ್ ಪ್ರಾಸೆಸಿಂಗ್ ತೊಂದ್ರೆ ಆದ್ರೆ ಸಿಪಿಸಿ (ರಿಟರ್ನ್ ಪ್ರಾಸೆಸ್ ಮಾಡೋ ಕೇಂದ್ರ, ಅದು ನಮ್ಮ ಬೆಂಗಳೂರಲ್ಲೇ ಇರೋದು), ಆಫೀಸರ್ ಹತ್ರ ಬಾಕಿ ಇದ್ರೆ ಅಸೆಸಿಂಗ್ ಆಫೀಸರ್ ಅಂತ ಸರಿಯಾಗಿ ಆರಿಸ್ಕೊಳ್ಳಿ, ಇಲ್ಲಾಂದ್ರೆ ಅದು ಅಲ್ಲಿಂದಿಲ್ಲಿಗೆ ಸುತ್ತತ್ತೆ. ತಾರೀಖು, ರಿಟರ್ನ್ ನಂಬರ್, ಏನಾಗ್ಬೇಕು, ಇಷ್ಟೇ ಬರೀರಿ. ಬೈಗುಳ ಬೇಡ. ಲಂಚ ಕೇಳಿದ್ರೆ ಅದನ್ನ ಇದ್ರಲ್ಲಿ ತುರುಕ್ಬೇಡಿ, ಅದಕ್ಕೆ ವಿಜಿಲೆನ್ಸ್ (ಭ್ರಷ್ಟಾಚಾರದ ದೂರು ನೋಡೋ ವಿಭಾಗ) ದಾರಿ ಬೇರೆ ಇದೆ. ಅಕ್ನಾಲೆಜ್‌ಮೆಂಟ್ ನಂಬರ್ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ಉತ್ತರ ಬರ್ಲಿಲ್ವಾ, ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸಲ್ಲಿ ಹಾಕಿ. ಅಲ್ಲಿ ಸಾಮಾನ್ಯವಾಗಿ 21 ದಿನದಲ್ಲಿ ಇತ್ಯರ್ಥ ಮಾಡ್ಬೇಕು, ಸುಮ್ನೆ ಕ್ಲೋಸ್ ಮಾಡಿದ್ರೆ 30 ದಿನದೊಳಗೆ ಅಪೀಲ್ ಹಾಕ್ಬೋದು.

ತುಂಬಾ ಜನ ಏಟು ತಿನ್ನೋದು ಇಲ್ಲಿ: ಟ್ಯಾಕ್ಸ್ ಜಾಸ್ತಿ ಹಾಕಿದಾರೆ ಅಂತ ಗ್ರೀವೆನ್ಸ್ ಹಾಕಿ ಕಾಯ್ತಾ ಕೂರ್ತಾರೆ, ಅಷ್ಟರಲ್ಲಿ ಕಮಿಷನರ್‌ಗೆ ಅಪೀಲ್ ಹಾಕೋ 30 ದಿನ ಮುಗ್ದೇ ಹೋಗಿರತ್ತೆ. ಕಂಪ್ಲೇಂಟ್ ಕೊಟ್ಟಿದೀವಿ ಅಂತ ಆ ಗಡುವು ನಿಲ್ಲಲ್ಲ, ಎರಡನ್ನೂ ಒಟ್ಟಿಗೇ ಮಾಡಿ.

ದೂರು ಕೊಟ್ಮೇಲೆ ನೋಟಿಸ್ ಬಂತು ಅನ್ಕೊಳ್ಳಿ. ಮೊದ್ಲು ಪೋರ್ಟಲಲ್ಲಿ ಡಿನ್ ನಂಬರ್ (ಪತ್ರದ ಮೇಲಿರೋ ಗುರುತಿನ ಸಂಖ್ಯೆ) ಹಾಕಿ ಅಸಲಿನಾ ನೋಡಿ, 2019ರ ಅಕ್ಟೋಬರ್‌ನಿಂದ ಇಲಾಖೆ ಪತ್ರಗಳಿಗೆ ಅದು ಇರ್ಬೇಕು. ಅಸಲಿ ಆದ್ರೆ ಸೇಡು ಅಂತ ಕೂಗಾಡದೆ ಟೈಮಿಗೆ ಸರಿಯಾಗಿ ಉತ್ತರ ಕೊಡಿ, ಉತ್ತರ ಕೊಡ್ದಿದ್ರೆ ತಪ್ಪು ನಮ್ಮ ಕಡೆಗೇ ಬರತ್ತೆ. ಆಮೇಲೆ ದೂರಿನ ತಾರೀಖು, ನೋಟಿಸ್ ತಾರೀಖು ಪಕ್ಕಪಕ್ಕ ಬರ್ದು ಪ್ರಿನ್ಸಿಪಲ್ ಚೀಫ್ ಕಮಿಷನರ್‌ಗೆ ಬೇರೆ ಪತ್ರ ಹಾಕಿ, ಕರ್ನಾಟಕದವ್ರಿಗೆ ಆ ಆಫೀಸು ಬೆಂಗಳೂರಿನ ಕ್ವೀನ್ಸ್ ರೋಡಲ್ಲಿದೆ. ಜೊತೆಗೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, ನನ್ನ ದೂರು ಯಾವ ದಿನ ಯಾರ ಟೇಬಲ್ಲಿಗೆ ಹೋಯ್ತು, ಏನು ಕ್ರಮ ಆಯ್ತು ಅಂತ ಕೇಳಿ.