ಮಗು ಕಲ್ಲು ತಂದಾಗ: ಕೋಲಾರ ಸೀಮೆಯ ಶಾಲೆಯಲ್ಲಿ ನಿಸರ್ಗ ಸಂಗ್ರಹ ಕಟ್ಟುವ ಬಗೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಪ್ರವಾಸ ಕರೆದೊಯ್ದು, ಅಲ್ಲಿನ ಡೈನೊಸಾರ್ ಮಾದರಿಯನ್ನು ತೋರಿಸಿಕೊಂಡು ಬಂದ ಮೇಷ್ಟರಿಗೆ ಮುಂದಿನ ವಾರ ಏನಾಗುತ್ತದೆ ಎಂಬುದು ಗೊತ್ತೇ ಇರುತ್ತದೆ. ಸೋಮವಾರ ಪ್ರಾರ್ಥನೆ ಮುಗಿಯುವುದರೊಳಗೆ ಒಬ್ಬ ಹುಡುಗ ಚೀಲದಿಂದ ತೆಂಗಿನಕಾಯಿ ಗಾತ್ರದ ಗುಂಡುಕಲ್ಲೊಂದನ್ನು ಹೊರತೆಗೆದು, "ಸಾರ್, ಇದು ಡೈನೊಸಾರ್ ಮೊಟ್ಟೆ ಅಲ್ವಾ?" ಎಂದು ಕೇಳುತ್ತಾನೆ. ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೂ ನಾಲ್ಕು ಮೊಟ್ಟೆಗಳು, ಒಂದು "ಚಿನ್ನದ ಕಲ್ಲು" ಮತ್ತು ಜರಿಗಿಡದ ಎಲೆಯಂಥ ಗುರುತು ಮೂಡಿರುವ ಚಪ್ಪಡಿ ಚೂರು ಮೇಜಿನ ಮೇಲಿರುತ್ತವೆ. ಕೋಲಾರ ಜಿಲ್ಲೆಯ ಶಾಲೆಗಳಲ್ಲಿ ಹಲವು ವರ್ಷ ವಿಜ್ಞಾನ ಪಾಠ ಮಾಡಿರುವ ನಾನು, ಆ ಮೇಜನ್ನು ಒಂದು ಪುಟ್ಟ ನಿಸರ್ಗ ಸಂಗ್ರಹವಾಗಿ ಬೆಳೆಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇದಕ್ಕೆ ಖರ್ಚು ಬಹಳ ಕಡಿಮೆ, ಆದರೆ ಶ್ರದ್ಧೆ ಬಹಳ ಬೇಕಾಗುತ್ತದೆ.

ಕಲ್ಲು ಕೈಗೆ ಬಂದ ಕೂಡಲೇ ಅದು ಏನು ಎಂದು ಹೇಳಲು ಹೋಗಬೇಡಿ, "ಅಲ್ಲ" ಎಂದು ಮಾತ್ರ ಖಂಡಿತ ಹೇಳಬೇಡಿ. ಅದು ಎಲ್ಲಿ ಸಿಕ್ಕಿತು, ಬಂಡೆಗೆ ಅಂಟಿಕೊಂಡಿತ್ತೋ ಬಿಡಿಯಾಗಿ ಬಿದ್ದಿತ್ತೋ, ಅಂಥದ್ದೇ ಇನ್ನಷ್ಟು ಅಕ್ಕಪಕ್ಕದಲ್ಲಿದ್ದವೋ ಎಂದು ಮೊದಲು ಕೇಳಿ. ಹೊಲದ ಬದುವಿನಲ್ಲಿ ಬಿಡಿಯಾಗಿ ಬಿದ್ದ ಕಲ್ಲನ್ನು ಯಾವುದೋ ಟ್ರ್ಯಾಕ್ಟರ್ ಎಲ್ಲಿಂದಲೋ ತಂದು ಸುರಿದಿರಬಹುದು. ಬಂಡೆಯಿಂದಲೇ ಕಿತ್ತು ಬಂದ ಕಲ್ಲು ಆ ಜಾಗದ ಸಾಕ್ಷಿ. ಈ ವ್ಯತ್ಯಾಸ ಮಕ್ಕಳಿಗೆ ಒಮ್ಮೆ ತಿಳಿದರೆ, ಮುಂದಿನ ಸಲ ಅವರು ಕಲ್ಲಿನ ಜೊತೆಗೆ ಉತ್ತರವನ್ನೂ ಹೊತ್ತುಕೊಂಡು ಬರುತ್ತಾರೆ.

ಮೊಟ್ಟೆಯನ್ನು ಪರೀಕ್ಷಿಸುವುದು

ನಮ್ಮ ಕಡೆಯ "ಮೊಟ್ಟೆ"ಗಳಲ್ಲಿ ಎರಡು ಬಗೆ. ಹಳ್ಳದ ನೀರಿನಲ್ಲಿ ಉರುಳಿ ಉರುಳಿ ನುಣುಪಾದ ಹೊಳೆಗಲ್ಲು ಒಂದು ಬಗೆ. ಅದನ್ನು ಸವರಿದರೆ ಎಲ್ಲೆಡೆ ಒಂದೇ ನುಣುಪು, ಒಡೆದರೆ ಒಳಗೂ ಹೊರಗೂ ಒಂದೇ ಕಲ್ಲು. ಎರಡನೆಯ ಬಗೆ ಹೆಚ್ಚು ಮೋಸ ಮಾಡುತ್ತದೆ. ಗ್ರಾನೈಟ್ ಬಂಡೆಗಳನ್ನು ಸೀಳಿಕೊಂಡು ಹೋಗಿರುವ ಕರಿಕಲ್ಲಿನ ಪಟ್ಟೆಗಳಲ್ಲಿ ಅಡ್ಡ ಮತ್ತು ಉದ್ದ ಬಿರುಕುಗಳಿರುತ್ತವೆ. ಆ ಬಿರುಕುಗಳಿಗೆ ಮಳೆನೀರು ಇಳಿದಾಗ ಚೌಕಾಕಾರದ ತುಂಡಿನ ಮೂಲೆಗಳು ಎಲ್ಲಕ್ಕಿಂತ ಬೇಗ ಸವೆದು, ಕಲ್ಲು ಈರುಳ್ಳಿಯಂತೆ ಸಿಪ್ಪೆ ಸಿಪ್ಪೆಯಾಗಿ ಬಿಟ್ಟುಕೊಳ್ಳುತ್ತ, ಕೊನೆಗೆ ನಡುವಿನ ಗಟ್ಟಿ ಗುಂಡು ಉಳಿಯುತ್ತದೆ. ಹೊರಗಿನ ತುಕ್ಕುಬಣ್ಣದ ಸಿಪ್ಪೆ ಅರ್ಧ ಕಳಚಿ, ಒಳಗಿನ ಕಪ್ಪು ತಿರುಳು ಇಣುಕುವಾಗ ಅದು ಯಾರ ಕಣ್ಣಿಗೂ ಒಡೆದ ಮೊಟ್ಟೆಯಂತೆಯೇ ಕಾಣುತ್ತದೆ. ಮಗುವಿನ ಕಣ್ಣು ತಪ್ಪು ಮಾಡಲಿಲ್ಲ, ಕಂಡದ್ದನ್ನೇ ಹೇಳಿತು ಎಂಬುದನ್ನು ತರಗತಿಯ ಮುಂದೆಯೇ ಹೇಳಿ.

ಆಮೇಲೆ ಭೂತಗನ್ನಡಿಯನ್ನು ಅವನ ಕೈಗೇ ಕೊಡಿ. ನಿಜವಾದ ಡೈನೊಸಾರ್ ಮೊಟ್ಟೆಯ ಚಿಪ್ಪು ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಭ್ರೂಣ ಉಸಿರಾಡಲು ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಅನೇಕ ವೇಳೆ ಮೇಲ್ಮೈ ಸಣ್ಣ ಸಣ್ಣ ಗುಳ್ಳೆಗಳಿಂದ ಒರಟಾಗಿರುತ್ತದೆ. ಕರಿಕಲ್ಲಿನ ಸಿಪ್ಪೆಯಾದರೋ ಒಂದರ ಕೆಳಗೊಂದು ಹಲವು ಪದರಗಳಾಗಿ ಬರುತ್ತದೆ, ರಂಧ್ರಗಳ ಸಾಲು ಕಾಣುವುದಿಲ್ಲ. ಮೊಟ್ಟೆಗಳು ಸಿಗುವುದು ಗೂಡುಗಳಲ್ಲಿ, ಹೂಳಿನಿಂದಾದ ಪದರಶಿಲೆಗಳಲ್ಲಿ. ನರ್ಮದಾ ಕಣಿವೆಯ ಲಮೇಟಾ ಶಿಲಾಸ್ತರದಲ್ಲಿ, ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳೂ 256 ಮೊಟ್ಟೆಗಳೂ ಪತ್ತೆಯಾದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಗುಜರಾತಿನ ಬಾಲಾಸಿನೋರ್ ಬಳಿಯ ರೈಯೋಲಿಯಲ್ಲೂ ಇಂಥ ಮೊಟ್ಟೆಗಳಿವೆ. 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ಎಂಬ ಮಾಂಸಾಹಾರಿಯ ಎಲುಬುಗಳೂ ಅಲ್ಲಿಯವೇ.

ಮೈದಾನದಲ್ಲಿ ಹಗ್ಗ

"ಹಾಗಾದರೆ ನಮ್ಮೂರಲ್ಲಿ ಯಾಕೆ ಸಿಗಲ್ಲ?" ಎಂಬುದು ಅದರ ಹಿಂದೆಯೇ ಬರುವ ಪ್ರಶ್ನೆ. ಇದಕ್ಕೆ ಬಾಯಿಮಾತಿನ ಉತ್ತರ ಸಾಲದು, ಹಗ್ಗ ಬೇಕು. 45 ಮೀಟರ್ 40 ಸೆಂಟಿಮೀಟರ್ ಉದ್ದದ ತೆಂಗಿನನಾರಿನ ಹಗ್ಗವನ್ನು ಮೈದಾನದಲ್ಲಿ ನೇರವಾಗಿ ಎಳೆಯಿರಿ. ಒಂದು ತುದಿ ಇವತ್ತು, ಇನ್ನೊಂದು ತುದಿ ಭೂಮಿ ಹುಟ್ಟಿದ ಕಾಲ, ಅಂದರೆ ಸುಮಾರು 454 ಕೋಟಿ ವರ್ಷಗಳ ಹಿಂದೆ. ಈ ಲೆಕ್ಕದಲ್ಲಿ ಒಂದು ಸೆಂಟಿಮೀಟರಿಗೆ 10 ಲಕ್ಷ ವರ್ಷ, ಒಂದು ಮೀಟರಿಗೆ 10 ಕೋಟಿ ವರ್ಷ.

ಇವತ್ತಿನ ತುದಿಯಿಂದ 66 ಸೆಂಟಿಮೀಟರಿಗೆ ಒಂದು ಬಣ್ಣದ ಬಟ್ಟೆ, 2 ಮೀಟರ್ 30 ಸೆಂಟಿಮೀಟರಿಗೆ ಇನ್ನೊಂದು ಬಟ್ಟೆ ಕಟ್ಟಿಸಿ: ಡೈನೊಸಾರ್‌ಗಳ ಇಡೀ ಆಳ್ವಿಕೆ ಅವೆರಡರ ನಡುವೆ ಮುಗಿದುಹೋಗುತ್ತದೆ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ದೇಹದ ಪ್ರಾಣಿಗಳು ಕಾಣಿಸಿಕೊಳ್ಳುವುದೇ ಸುಮಾರು 6 ಮೀಟರ್ ದೂರದಲ್ಲಿ. ಈಗ ಮಕ್ಕಳನ್ನು ಹಗ್ಗದ ಪಕ್ಕದಲ್ಲೇ ನಡೆಸಿಕೊಂಡು ಹೋಗಿ, 27ನೆಯ ಮೀಟರಿನಲ್ಲಿ ನಿಲ್ಲಿಸಿ, ಅಲ್ಲಿ ಕೋಲಾರದ ಕಲ್ಲನ್ನು ಇಡಿಸಿ. ಕೆಜಿಎಫ್‌ನ ಚಿನ್ನ ಅಡಗಿರುವ ಕಪ್ಪುಶಿಲೆಯ ಪಟ್ಟಿ ಸುಮಾರು 270 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಉಗುಳಿದ ಲಾವಾದಿಂದ ಆದದ್ದು. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಚಾಚಿಕೊಂಡಿದೆ. ಆ ಶಿಲೆ ಹುಟ್ಟಿದಾಗ ಭೂಮಿಯ ಮೇಲಿದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ತುಮಕೂರು ಜಿಲ್ಲೆಯ ಶಾಲೆಯವರು ಮಧುಗಿರಿಯ ಕಡೆಯ ನಸುಗೆಂಪು ಗ್ರಾನೈಟನ್ನು 25ನೆಯ ಮೀಟರಿನಲ್ಲಿ ಇಡಬಹುದು.

ಹಗ್ಗದ ತುದಿಗೆ ಮರಳಿ ಬಂದು, ನಮ್ಮಂಥ ಮನುಷ್ಯರ 3 ಲಕ್ಷ ವರ್ಷಗಳಿಗೆ ಕೊನೆಯ 3 ಮಿಲಿಮೀಟರಿನ ಮೇಲೆ ಬೆರಳಿಡಲು ಹೇಳಿ. ಡೈನೊಸಾರ್ ಸಿಗಲಿಲ್ಲವೆಂದು ಮುಖ ಸಪ್ಪೆ ಮಾಡಿಕೊಂಡಿದ್ದ ಹುಡುಗ, ತನ್ನ ಕೈಯಲ್ಲಿರುವ ಕಲ್ಲು ಡೈನೊಸಾರ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಹಳೆಯದು ಎಂದು ತಿಳಿದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದನ್ನು ನಾನು ನೋಡಿದ್ದೇನೆ. ಒಂದು ಪಾಠದ ಅವಧಿಯಲ್ಲಿ ಇಷ್ಟು ಕೆಲಸ ಮಾಡುವ ಉಪಕರಣ ನನಗೆ ಇನ್ನೊಂದು ಗೊತ್ತಿಲ್ಲ.

ಹೊಳೆಯುವುದೆಲ್ಲ ಏನು

ಖನಿಜ ಗುರುತಿಸಲು ಬೇಕಾದ ಸಾಮಾನು ಇಷ್ಟೇ: ಕಬ್ಬಿಣದ ಮೊಳೆ, ಅಂಚು ಉಜ್ಜಿದ ಗಾಜಿನ ತುಂಡು, ಸೂಜಿ, ಅಯಸ್ಕಾಂತ, ಮತ್ತು ಗೋಡೆಗೆ ಅಂಟಿಸುವ ಬಿಳಿ ಟೈಲ್ಸ್‌ನ ಒಂದು ಚೂರು. ಟೈಲ್ಸ್‌ನ ಮೆರುಗಿಲ್ಲದ ಹಿಂಬದಿಯ ಮೇಲೆ ಕಲ್ಲನ್ನು ಉಜ್ಜಿದಾಗ ಬೀಳುವ ಗೀರಿನ ಬಣ್ಣ, ಕಲ್ಲಿನ ಮೈಬಣ್ಣಕ್ಕಿಂತ ಹೆಚ್ಚು ನಂಬಬಹುದಾದ ಗುರುತು. ಕಬ್ಬಿಣದ ಅದಿರಾದ ಹೆಮಟೈಟ್ ನೋಡಲು ಕಪ್ಪಗಿದ್ದರೂ ಕೆಮ್ಮಣ್ಣಿನ ಗೀರು ಬಿಡುತ್ತದೆ, ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಕಪ್ಪು ಗೀರನ್ನೇ ಬಿಡುತ್ತದೆ.

ಬೆಣಚುಕಲ್ಲು ಗಾಜನ್ನು ಗೀರುತ್ತದೆ. 1812ರಲ್ಲಿ ಖನಿಜವಿಜ್ಞಾನಿ ಫ್ರೆಡ್ರಿಕ್ ಮೋಸ್ ರೂಪಿಸಿದ ಗಡಸುತನದ ಹತ್ತು ಮೆಟ್ಟಿಲುಗಳಲ್ಲಿ ಅದರದು 7, ಗಾಜಿನದು ಸುಮಾರು ಐದೂವರೆ. ಬಳಪದ ಕಲ್ಲು ಉಗುರಿಗೇ ಸವೆಯುತ್ತದೆ, ಅದು ಮೊದಲ ಮೆಟ್ಟಿಲು. ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ ಹರಳನ್ನು ಬೆಣಚಿನಿಂದ ಬೇರ್ಪಡಿಸಲು ಕಲ್ಲನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿ: ಫೆಲ್ಡ್‌ಸ್ಪಾರ್ ಚಪ್ಪಟೆ ಮುಖಗಳಾಗಿ ಒಡೆಯುವುದರಿಂದ ಪುಟ್ಟ ಕನ್ನಡಿಯಂತೆ ಒಮ್ಮೆಲೇ ಮಿಂಚುತ್ತದೆ, ಬೆಣಚು ಒಡೆದ ಬಾಟಲಿಯಂತೆ ಅಂಕುಡೊಂಕಾಗಿ ಮಂಕಾಗಿಯೇ ಇರುತ್ತದೆ.

ಚಿನ್ನದ ಪ್ರಶ್ನೆಯನ್ನು ಕೋಲಾರದಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ತರಗತಿಯಲ್ಲಿ ಒಂದಿಬ್ಬರ ಅಜ್ಜಂದಿರಾದರೂ ಗಣಿಗೆ ಇಳಿದವರಿರುತ್ತಾರೆ. ಮಕ್ಕಳು ತರುವ ಹೊಳೆಯುವ ಕಲ್ಲು ಬಹುಪಾಲು ಕಾಗೆಬಂಗಾರ, ಅಂದರೆ ಅಭ್ರಕವೇ. ಬಿಸಿಲು ಮಳೆಗೆ ಸಿಕ್ಕ ಕಪ್ಪು ಅಭ್ರಕ ಹೊಂಬಣ್ಣಕ್ಕೆ ತಿರುಗುತ್ತದೆ. ಸೂಜಿಮೊನೆಯಿಂದ ಎಬ್ಬಿಸಿದರೆ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಹಾಳೆಯಾಗಿ ಏಳುತ್ತದೆ, ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಇನ್ನೊಂದು ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಎಂಬ ಖನಿಜ, ಅದು ಟೈಲ್ಸ್ ಮೇಲೆ ಹಸಿರು ಬೆರೆತ ಕಪ್ಪು ಗೀರು ಬಿಡುತ್ತದೆ, ಸುತ್ತಿಗೆಯ ಏಟಿಗೆ ಪುಡಿಯಾಗುತ್ತದೆ. ನಿಜವಾದ ಚಿನ್ನ ಹಳದಿ ಗೀರನ್ನೇ ಬಿಡುತ್ತದೆ, ಏಟಿಗೆ ಚಪ್ಪಟೆಯಾಗುತ್ತದೆ ಹೊರತು ಪುಡಿಯಾಗುವುದಿಲ್ಲ. ಕೊನೆಯ ವರ್ಷಗಳಲ್ಲಿ ಗಣಿಯ ಅದಿರಿನಲ್ಲೂ ಟನ್ನಿಗೆ ಕೆಲವೇ ಗ್ರಾಂ ಚಿನ್ನವಿತ್ತು, ಅದೂ ಹೆಚ್ಚಿನಂಶ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು.

ಇಲ್ಲೊಂದು ಕಟ್ಟುನಿಟ್ಟಿನ ಮಾತು. ಕೆಜಿಎಫ್‌ನ ಸೈನೈಡ್ ಗುಡ್ಡಗಳಿಗೆ ಮತ್ತು ಹಳೆಯ ಗಣಿಬಾಯಿಗಳ ಹತ್ತಿರಕ್ಕೆ ಕಲ್ಲು ಆರಿಸಲು ಮಕ್ಕಳನ್ನು ಯಾವ ಕಾರಣಕ್ಕೂ ಕಳುಹಿಸಬೇಡಿ. ಅಲ್ಲಿನ ಪುಡಿಯಲ್ಲಿ ಅದಿರು ಸಂಸ್ಕರಣೆಯ ವಿಷಕಾರಿ ಉಳಿಕೆಗಳಿವೆ. ನಡೆಯುತ್ತಿರುವ ಕಲ್ಲುಕ್ವಾರಿಗೂ ಹೋಗಬಾರದು. ರಸ್ತೆ ಬದಿ, ಕೆರೆ ಅಂಗಳ, ಹೊಸ ಬಾವಿ ತೋಡಿದ ಮಣ್ಣು, ಇಷ್ಟರಲ್ಲೇ ವರ್ಷವಿಡೀ ಸಾಲುವಷ್ಟು ಕಲ್ಲು ಸಿಗುತ್ತದೆ. ಜರಿಗಿಡದ ಗುರುತಿನ ಚಪ್ಪಡಿ ಬಂದರೆ, ಅದು ಸಾಮಾನ್ಯವಾಗಿ ಬಿರುಕಿನೊಳಗೆ ಮ್ಯಾಂಗನೀಸ್ ನೀರು ಹರಡಿ ಬಿಟ್ಟುಹೋದ ಕಲೆ ಎಂದು ತಿಳಿಸಿ. ಅದರಲ್ಲಿ ಎಲೆಯ ನರಗಳು ಕಾಣುವುದಿಲ್ಲ.

ಸಂಖ್ಯೆ, ದಿನಾಂಕ, ಜಾಗ

ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ನಲವತ್ತಕ್ಕೂ ಹೆಚ್ಚು ಕಲ್ಲುಗಳನ್ನು ಕೂಡಿಸಿ, ಪ್ರತಿಯೊಂದರ ಕೆಳಗೂ ಹೆಸರಿನ ಚೀಟಿ ಇಟ್ಟಿದ್ದೆ. ಬೇಸಿಗೆ ರಜೆಯಲ್ಲಿ ಕೊಠಡಿಗೆ ಸುಣ್ಣ ಹೊಡೆಯುವಾಗ ಕಲ್ಲುಗಳನ್ನು ಹೊರಗೆ ಸಾಗಿಸಿದವರು ಚೀಟಿಗಳನ್ನು ಗುಡಿಸಿಹಾಕಿದರು. ಜೂನ್ ತಿಂಗಳಲ್ಲಿ ನಾನು ಬಂದು ನೋಡಿದಾಗ ಆ ಕಲ್ಲುಗಳು ಬೇವಿನ ಮರದ ಸುತ್ತ ಕಟ್ಟೆಯಾಗಿದ್ದವು. ಮುಳಬಾಗಿಲಿನದು ಯಾವುದು, ಗುಡಿಬಂಡೆಯದು ಯಾವುದು ಎಂದು ನನ್ನಿಂದಲೇ ಹೇಳಲಾಗಲಿಲ್ಲ. ತಪ್ಪು ಸುಣ್ಣ ಹೊಡೆದವರದ್ದಲ್ಲ, ಸಂಖ್ಯೆಯನ್ನು ಕಲ್ಲಿನ ಮೇಲೆಯೇ ಬರೆಯದೆ ಹೋದ ನನ್ನದು.

ಆದ್ದರಿಂದ ಕಲ್ಲಿನ ಅಷ್ಟೇನೂ ಚೆಂದವಲ್ಲದ ಬದಿಯಲ್ಲಿ ಕಡಲೆಬೇಳೆಯಷ್ಟು ಜಾಗಕ್ಕೆ ಬಿಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಕಪ್ಪು ಶಾಯಿಯಿಂದ ಸಂಖ್ಯೆ ಬರೆದು, ಅದರ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ. ಅದೇ ಸಂಖ್ಯೆಯ ಎದುರಿಗೆ ರಟ್ಟಿನ ದಪ್ಪ ಪುಸ್ತಕದಲ್ಲಿ ದಿನಾಂಕ, ತಂದವರು, ಊರು, ಹೋಬಳಿ, ತಾಲ್ಲೂಕು, ಗುರುತಿನ ಜಾಗ, ಬಂಡೆಯದೋ ಬಿಡಿಯೋ ಎಂಬ ವಿವರ, ಮಾಡಿದ ಪರೀಕ್ಷೆಗಳು, ಎಲ್ಲಕ್ಕೂ ಕೊನೆಯಲ್ಲಿ ಹೆಸರನ್ನು ಬರೆಸಿ. ಹೆಸರಿನ ಬಗ್ಗೆ ಅನುಮಾನವಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ತಪ್ಪು ಹೆಸರನ್ನು ನಾಳೆ ತಿದ್ದಬಹುದು. ಸಿಕ್ಕ ಜಾಗ ಮರೆತುಹೋದರೆ ಅದನ್ನು ಯಾವ ವಿದ್ವಾಂಸರೂ ಹಿಂದಕ್ಕೆ ತಂದುಕೊಡಲಾರರು.

ಪ್ರಾಣಿಗಳ ವಿಷಯ

ಕಲ್ಲಿಗಿರುವ ಸ್ವಾತಂತ್ರ್ಯ ಇಲ್ಲಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಚರ್ಮ, ಕೊಂಬು, ಉಗುರುಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ; ತಾನಾಗಿ ಬಿದ್ದು ಸಿಕ್ಕಿತು ಎಂಬುದು ಸಮಜಾಯಿಷಿಯಾಗುವುದಿಲ್ಲ. ಹಕ್ಕಿಯ ಗೂಡನ್ನೂ ಮೊಟ್ಟೆಯನ್ನೂ ಮುಟ್ಟಬಾರದು.

ಹೆಜ್ಜೆಗುರುತನ್ನು ಮಾತ್ರ ಧಾರಾಳವಾಗಿ ತರಬಹುದು. ಕೆರೆ ಅಂಗಳದ ಹಸಿಮಣ್ಣಿನಲ್ಲಿ ನವಿಲಿನ ಹೆಜ್ಜೆ ಕಂಡರೆ ಅದರ ಸುತ್ತ ರಟ್ಟಿನ ಪಟ್ಟಿಯನ್ನು ಬಳೆಯಂತೆ ನಿಲ್ಲಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಒಂದು ಅಂಚಿನಿಂದ ಸುರಿಯಿರಿ. ಅರ್ಧ ಗಂಟೆಯಲ್ಲಿ ಅದು ಗಟ್ಟಿಯಾಗುತ್ತದೆ. ಮುಂದಕ್ಕೆ ಚಾಚಿದ ಮೂರು ಬೆರಳಿನ ಆ ಅಚ್ಚನ್ನು ಮಾಂಸಾಹಾರಿ ಡೈನೊಸಾರ್‌ನ ಹೆಜ್ಜೆಯ ಚಿತ್ರದ ಪಕ್ಕದಲ್ಲಿಡಿ, ಹಕ್ಕಿಗಳು ಆ ವಂಶದವೇ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಭಾನುವಾರದ ಕೋಳಿಸಾರಿನಲ್ಲಿ ಸಿಗುವ, ಎದೆಯ ಮೇಲ್ಭಾಗದ ಕವೆಯಾಕಾರದ ಎಲುಬನ್ನು ತೊಳೆದು ಒಣಗಿಸಿ ಇಡಿ. ಟೈರನೊಸಾರಸ್‌ಗೂ ಅಂಥದೇ ಕವೆಯೆಲುಬು ಇತ್ತು.

ಕೋಲಾರದ ಎಲೆಮೂಗಿನ ಬಾವಲಿಗೆ ಸಂಗ್ರಹದ ಗೋಡೆಯಲ್ಲಿ ಒಂದು ಚಿತ್ರದ ಜಾಗ ಕೊಡಲೇಬೇಕು. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಬಾವಲಿ ಈಗ ಇಡೀ ಜಗತ್ತಿನಲ್ಲಿ ಉಳಿದಿರುವುದು ನಮ್ಮ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆಯಲ್ಲಿ, ಅದೂ ಇನ್ನೂರರ ಆಸುಪಾಸಿನಲ್ಲಿ. ಅದಕ್ಕೆ ಕಲ್ಲುಗಣಿಗಾರಿಕೆಯೂ ಗದ್ದಲವೂ ಕಂಟಕ. ದಯವಿಟ್ಟು ಆ ಗುಹೆಗೆ ಪ್ರವಾಸ ಏರ್ಪಡಿಸಬೇಡಿ, ಅದರ ಕಥೆಯನ್ನು ತರಗತಿಯಲ್ಲೇ ಹೇಳಿ.

ಮತ್ತೆ ವಸ್ತುಸಂಗ್ರಹಾಲಯಕ್ಕೆ

ಇಷ್ಟಾದ ಮೇಲೆ ಎರಡನೆಯ ಪ್ರವಾಸ ಹೊರಡಿ. ಪ್ರಾಣಿ ಮತ್ತು ಸಸ್ಯಗಳಿಗಾಗಿ ಮೈಸೂರಿನ ಕಾರಂಜಿ ಕೆರೆಯ ಬಳಿ 1995ರಲ್ಲಿ ಆರಂಭವಾದ ಪ್ರಾದೇಶಿಕ ನಿಸರ್ಗ ವಿಜ್ಞಾನ ಸಂಗ್ರಹಾಲಯವಿದೆ. ಡೈನೊಸಾರ್ ಅಸ್ಥಿಪಂಜರ ನೋಡಲು ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯಕ್ಕೆ ಹೋಗಬಹುದು; ಅಲ್ಲಿ ಗೋದಾವರಿ ಸೀಮೆಯ ಯಮನಪಲ್ಲಿಯಲ್ಲಿ ಸಿಕ್ಕ ಕೋಟಾಸಾರಸ್ ನಿಂತಿದೆ. ಅದೇ ಕಣಿವೆಯ ಬರಾಪಾಸಾರಸ್ ಕಲ್ಕತ್ತೆಯಲ್ಲಿದೆ. ಅದರ ಸುಮಾರು 300 ಎಲುಬುಗಳು ಸಿಕ್ಕಿದ್ದು ಒಂದು ಪ್ರಾಣಿಯಿಂದಲ್ಲ, ಕನಿಷ್ಠ ಆರು ಪ್ರಾಣಿಗಳಿಂದ ಎಂಬುದನ್ನು ಮೊದಲೇ ತಿಳಿಸಿದರೆ, ಯಾವುದು ನಿಜವಾದ ಎಲುಬು, ಯಾವುದು ಅಚ್ಚು ಎಂದು ಮಕ್ಕಳು ಅಲ್ಲಿನ ಸಿಬ್ಬಂದಿಯನ್ನು ಕೇಳುತ್ತಾರೆ.

ಬಸ್ಸು ಹತ್ತುವ ಮುನ್ನ ಪ್ರತಿ ಮಗುವೂ ತನ್ನ ಕಲ್ಲಿನ ಸಂಖ್ಯೆಯನ್ನು ಮತ್ತು ಅದರ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಳ್ಳಲಿ. ಹಿಂದಿರುಗಿದ ಮರುದಿನವೇ, ಸಿಕ್ಕ ಉತ್ತರವನ್ನು ದಿನಾಂಕದೊಡನೆ ಅದೇ ಪುಸ್ತಕದ ಅದೇ ಸಾಲಿನ ಮುಂದೆ ಬರೆಸಿ. ಉತ್ತರ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಮುಂದಿನ ವರ್ಷದ ಮಕ್ಕಳಿಗೆ ಅದು ಬೇಕಾಗುತ್ತದೆ.