ಮೋಡ ಕಟ್ಟುವ ಮುಂಚೆಯೇ ಮೋರಿಯ ಬಾಯಿ ಬಿಡಿಸಿ

ಮಳೆ ನಿಂತು ಗಂಟೆಯಾದರೂ ಬೀದಿಯ ನೀರು ಇಳಿಯದಿದ್ದರೆ ‘ಚರಂಡಿ ಸಾಲದು’ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟೋ ಸಲ ಚರಂಡಿ ಸಾಕಷ್ಟು ದೊಡ್ಡದೇ ಇರುತ್ತದೆ, ಅದರ ಬಾಯಿ ಕಟ್ಟಿರುತ್ತದೆ ಅಷ್ಟೇ. ಜಾಲರಿಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಳ್ಳುತ್ತದೆ. ಅದರ ಮೇಲೆ ಒದ್ದೆ ಎಲೆ ಕೂರುತ್ತದೆ. ಎಲೆಗಳ ಸಂದಿಗೆ ಮಣ್ಣು ಸೇರಿತೋ, ನೀರಿಗೆ ದಾರಿ ಇಲ್ಲ.

1 ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಹಾಗಾದರೆ 100 ಮೀಟರ್ ಉದ್ದ, 10 ಮೀಟರ್ ಅಗಲದ ಬೀದಿಗೆ 50 ಮಿಲಿಮೀಟರ್ ಮಳೆ ಸುರಿದರೆ 50,000 ಲೀಟರ್! ಮನೆಗಳ ಚಾವಣಿಯಿಂದ ಇಳಿಯುವ ನೀರು ಬೇರೆ. ಅಷ್ಟೂ ಆ ನಾಲ್ಕಾರು ಜಾಲರಿಗಳಲ್ಲೇ ನುಗ್ಗಬೇಕು, ಅಲ್ವಾ?

ಮೊದಲು ಒಂದು ಸಣ್ಣ ಮಳೆಯ ನಂತರ ಬೀದಿಯಲ್ಲಿ ನಡೆದು ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಜಾಲರಿ ಕುಡಿಯುತ್ತದೆ, ಯಾವುದು ಕುಡಿಯುವುದಿಲ್ಲ ಎಂದು ಬರೆದಿಟ್ಟುಕೊಳ್ಳಿ. ಮಳೆನೀರಿನ ಚರಂಡಿ ಯಾವುದು, ಮನೆಗಳ ಕೊಳಚೆ ಹೋಗುವ ಒಳಚರಂಡಿ ಯಾವುದು ಎಂಬುದೂ ಗೊತ್ತಿರಲಿ. ಎರಡನೆಯದರ ಮುಚ್ಚಳವನ್ನು ಮುಟ್ಟಲೇಬೇಡಿ.

ಈ ಒಂದು ವಿಷಯದಲ್ಲಿ ನನ್ನದು ಹಟ: ಕೆಲಸವೆಲ್ಲ ಮೇಲೆ ನಿಂತೇ ಆಗಬೇಕು. ಗುಂಡಿಗೆ ಯಾರೂ ಇಳಿಯಬಾರದು, ‘ಒಂದೇ ನಿಮಿಷ’ ಅಂತಲೂ ಇಳಿಯಬಾರದು. ಕೊಳೆತ ಕಸದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯದ ಹಾಗೆ ಮಾಡುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಅಂದುಕೊಂಡವರು ಅಲ್ಲೇ ಕುಸಿಯುತ್ತಾರೆ. ಅವರನ್ನು ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ. ಕೊಳವೆಯೊಳಗೆ ಆಳದಲ್ಲಿ ಕಟ್ಟಿದ್ದರೆ ಅದು ಯಂತ್ರದ ಕೆಲಸ, ಸ್ಥಳೀಯ ಆಡಳಿತಕ್ಕೆ ದೂರು ಕೊಡಿ.

ದಪ್ಪ ರಬ್ಬರ್ ಕೈಗವಸು, ಗಂಬೂಟು, ಉದ್ದ ಹಿಡಿಯ ಕುಂಟೆ, ಸಲಿಕೆ, ಬಾಣಲಿ ಸಾಕು. ಕೈಯಲ್ಲಿ ಗಾಯವಿದ್ದವರು ಕೆಸರು ಮುಟ್ಟದಿರುವುದು ಒಳ್ಳೆಯದು. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು. ಕಸದಲ್ಲಿ ಗಾಜು, ಸೂಜಿ ಇರುತ್ತವೆ, ಹಾಗಾಗಿ ಕೈ ಹಾಕುವ ಮುಂಚೆ ಕುಂಟೆ ಹಾಕಿ.

ಒಣ ದಿನ ನೋಡಿ, ತಗ್ಗಿನ ಕಡೆಯಿಂದ ಶುರು ಮಾಡಿ. ಮೇಲಿನದನ್ನು ಮೊದಲು ಬಿಡಿಸಿದರೆ ಅಲ್ಲಿನ ನೀರು, ಕಸ ಎಲ್ಲ ಕೆಳಗಿನ ಕಟ್ಟಿದ ಬಾಯಿಗೇ ಬಂದು ನಿಲ್ಲುತ್ತದೆ. ಜಾಲರಿಯ ಮೇಲಿನದನ್ನು ಹೊರಕ್ಕೆ ಎಳೆಯಿರಿ. ಸುಮ್ನೆ ಒಳಕ್ಕೆ ತಳ್ಳಿದರೆ ಈಗ ಕಣ್ಣಿಗೆ ಕಾಣುವ ತೊಂದರೆ ಕಾಣದ ಕಡೆ ಹೋಗಿ ಕೂರುತ್ತದೆ. ಸಂದಿಗಳಲ್ಲಿ ಸಿಕ್ಕಿದ್ದನ್ನು ಕಡ್ಡಿಯಿಂದ ಕೆದಕಿ ತೆಗೆಯಿರಿ.

ತೆಗೆದ ಹೂಳು ಏನಾಗುತ್ತದೆ ಎಂಬುದರ ಮೇಲೆಯೇ ಇಡೀ ಕೆಲಸ ನಿಂತಿದೆ. ಬಹಳ ಕಡೆ ಅದನ್ನು ಚರಂಡಿಯ ಅಂಚಿನಲ್ಲೇ ಗುಡ್ಡೆ ಹಾಕಿ ಹೋಗುತ್ತಾರೆ. ಮುಂದಿನ ಮಳೆಗೆ ಅದೇ ಮಣ್ಣು ಅದೇ ಬಾಯಿಗೆ ವಾಪಸ್ ಹೋಗುತ್ತದೆ, ಬೆವರು ಸುರಿಸಿದ್ದು ವ್ಯರ್ಥ. ಅವತ್ತೇ ಚೀಲಕ್ಕೆ ತುಂಬಿ, ಸಾಗಿಸುವ ಗಾಡಿಯನ್ನು ಮೊದಲೇ ಗೊತ್ತು ಮಾಡಿಕೊಂಡಿರಿ. ಗಾಡಿ ಸಿಗದಿದ್ದರೆ ಕೆಲಸವನ್ನೇ ಒಂದು ದಿನ ಮುಂದಕ್ಕೆ ಹಾಕಿ.

ಕೊನೆಗೆ ನಾಲ್ಕೈದು ಬಕೆಟ್ ನೀರು ಸುರಿದು ನೋಡಿ. ಸರ್ರನೆ ಇಳಿದರೆ ಸರಿ. ತುಂಬಿ ನಿಂತರೆ ಒಳಗೆ ಕಟ್ಟಿದೆ, ದೂರಿನಲ್ಲಿ ಆ ಜಾಗವನ್ನು ಸ್ಪಷ್ಟವಾಗಿ ಬರೆಯಿರಿ.

ಜೋರು ಮಳೆಯಲ್ಲಿ ಬೀದಿ ತುಂಬಿ ಹರಿಯುವಾಗ ಮಾತ್ರ ನೀರಿಗೆ ಇಳಿಯಬೇಡಿ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನೇ ಬೀಳಿಸಬಲ್ಲದು. ನೀರು ಬೇಗ ಇಳಿಯಲಿ ಎಂದು ಜಾಲರಿ ಎತ್ತುವುದಂತೂ ಬೇಡವೇ ಬೇಡ. ಮಣ್ಣುನೀರಿನ ಕೆಳಗೆ ಆ ಗುಂಡಿ ಯಾರಿಗೂ ಕಾಣುವುದಿಲ್ಲ.

ಪ್ರತಿ ಜಾಲರಿಯನ್ನೂ ಅದರ ಎದುರಿನ ಮನೆಯವರಿಗೆ ಒಪ್ಪಿಸಿ. ಗೇಟಿನ ಪಕ್ಕ ಒಂದು ಕುಂಟೆ ಇರಲಿ. ಮೋಡ ಕಟ್ಟಿದಾಗ ಹೊರಗೆ ಬಂದು ಎಲೆ ಎಳೆಯಲು ಐದು ನಿಮಿಷ ಸಾಕು.